ಗಾಜಿನ ತೊಟ್ಟಿಯ ಕಡಲಿಗೆ ಮಣ್ಣು ಹದ ಮಾಡುವಾಕೆ

ಬೆಳಗಿನ ಐದೂವರೆ. ರಾಜಾಜಿನಗರದ ಹೊಸ ಶೆಡ್ಡುಗಳ ಸಾಲಿನಲ್ಲಿ ಒಂದರಲ್ಲಿ ಮಾತ್ರ ಲಾಟೀನು ಉರಿಯುತ್ತಿದೆ. ಒಳಗೆ ಮುನಿತಾಯಮ್ಮ ಮೊಣಕೈವರೆಗೆ ಕೆಸರು ಮೆತ್ತಿಕೊಂಡು, ನೆನೆಹಾಕಿದ ಮಣ್ಣನ್ನು ಜರಡಿಗೆ ಸುರಿದು ಉಜ್ಜುತ್ತಿದ್ದಾರೆ. ಹರಳು ಮೇಲೆ ಉಳಿಯುತ್ತದೆ, ನುಣ್ಣನೆಯ ಕೆಸರು ಕೆಳಗಿನ ಬಾನಿಗೆ ಇಳಿಯುತ್ತದೆ. ಒಂದು ಚಿಟಿಕೆ ತೆಗೆದು ಬೆರಳ ನಡುವೆ ತಿಕ್ಕಿ ನೋಡುತ್ತಾರೆ. "ಇನ್ನೂ ಗರಗರ ಅಂತದೆ," ಎಂದು ಮತ್ತೆ ಜರಡಿಗೇ ಸುರಿಯುತ್ತಾರೆ.

ಈ ಮಣ್ಣು ಇಟ್ಟಿಗೆಗಲ್ಲ, ಗೋಡೆಗೂ ಅಲ್ಲ. ಪಕ್ಕದ ಕೋಣೆಯಲ್ಲಿರುವ ಮೂವತ್ತಡಿ ಉದ್ದದ ಗಾಜಿನ ತೊಟ್ಟಿಗೆ. ಅದರ ತಳ ಇಳಿಜಾರು, ಒಳಗೆ ಕಡಲಿನ ಲೆಕ್ಕಕ್ಕೆ ಉಪ್ಪು ಬೆರೆಸಿದ ನೀರು. ಮೇಲ್ತುದಿಯ ಹಲಗೆ ಎತ್ತಿದರೆ ಅದರ ಹಿಂದೆ ತುಂಬಿಟ್ಟ ಕೆಸರು ನೀರಿನಡಿಯಲ್ಲೇ ಜಾರಿ ಹೋಗುತ್ತದೆ. ಎಷ್ಟು ದೂರ, ಎಷ್ಟು ವೇಗ ಎಂದು ಅಳೆಯುವವರು ದಾವಣಗೆರೆ ಕಡೆಯ ವಿಜ್ಞಾನಿ ಪಂಚಾಕ್ಷರಿ.

"ಕಡಲಿನ ತಳದಲ್ಲೂ ಗುಡ್ಡ ಕುಸಿಯುತ್ತೆ," ಎನ್ನುತ್ತಾರೆ ಅವರು. "ಅಲ್ಲಿ ಹಾಸಿರೋ ತಂತಿ ತುಂಡಾದ್ರೆ ದೇಶದೇಶಗಳ ನಡುವೆ ಟೆಲಿಗ್ರಾಂ ನಿಂತುಹೋಗುತ್ತೆ. ಕುಸಿದದ್ದು ಎಲ್ಲೀವರೆಗೆ ಹೋದೀತು ಅಂತ ಮೊದಲೇ ಗೊತ್ತಾದ್ರೆ ತಂತಿನ ಬೇರೆ ದಾರೀಲಿ ಹಾಕಬಹುದು."

ಕುರುಬರಹಳ್ಳಿಯ ಮುನಿತಾಯಮ್ಮನವರಿಗೆ ನಲವತ್ತೈದರ ಆಸುಪಾಸು. ಹತ್ತನೇ ವಯಸ್ಸಿಗೆ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯಲು ಇಳಿದವರು. ಗೂಡಿದ್ದ ಜಾಗ ಬಡಾವಣೆಗೆ ಹೋದ ಮೇಲೆ ಎರಡು ವರ್ಷ ಕಲ್ಲು ಹೊತ್ತರು. 1953ರಿಂದ ಇಲ್ಲಿ ದಿನಗೂಲಿ. ದಿನಕ್ಕೆ ಆರು ಮಂಕರಿ ಮಣ್ಣು, ಮೂರು ಸಲ ಜರಡಿ, ನಾಲ್ಕು ಸಲ ಹಲಗೆ ಎತ್ತುವುದು, ಪ್ರತಿ ಸಲವೂ ತಳದ ಕೆಸರು ಬಳಿದು ತೆಗೆಯುವುದು. ಚಳಿಗಾಲದಲ್ಲಿ ಅಂಗೈ ಬಿರಿಯುತ್ತದೆ. "ಹರಳೆಣ್ಣೆ ಹಚ್ಕೊಂಡು ಮಲಗ್ತೀನಿ ಸ್ವಾಮಿ. ಗೂಡಿನ ಬೆಂಕಿ ಮುಂದೆ ಬೆಂದೋಳಿಗೆ ಇದು ತಣ್ಣಗಿನ ಕೆಲಸ," ಎಂದು, ಪತ್ರಿಕೆಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ.

ಹೋದ ಮಳೆಗಾಲದ ಸಂಗತಿಯನ್ನು ಮಾತ್ರ ತಾವಾಗಿ ಹೇಳುವುದಿಲ್ಲ, ಪಂಚಾಕ್ಷರಿ ಹೇಳಬೇಕು. ಅಲ್ಲಿಯವರೆಗೆ ಕೆಸರು ಎಂದೂ ಹನ್ನೆರಡು ಅಡಿ ದಾಟಿರಲಿಲ್ಲ. ಅಂದು ತೊಟ್ಟಿಯ ಇಳಿಜಾರನ್ನು ತುಸು ಹೆಚ್ಚಿಸಿದ್ದರು. ಕೆಸರು ಇಪ್ಪತ್ತೆರಡು ಅಡಿ ಓಡಿತು! ಎಲ್ಲ ಇಳಿಜಾರಿನ ಮಹಿಮೆಯೆಂದು ಅವರು ವರದಿ ಬರೆಯಲು ಕೂತರು.

ಆದರೆ ಅಂದು ಬದಲಾದದ್ದು ಇಳಿಜಾರು ಒಂದೇ ಅಲ್ಲ. ಎಂದಿನಿಂದ ಮಣ್ಣು ತರುತ್ತಿದ್ದ ಕುರುಬರಹಳ್ಳಿಯ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಗಾಡಿಯ ದೊಡ್ಡಹನುಮಯ್ಯ ಸುಂಕದಕಟ್ಟೆ ಕಡೆಯಿಂದ ಮಣ್ಣು ತಂದಿದ್ದ. ಕೆಲಸ ನಿಲ್ಲಬಾರದೆಂದು ಮುನಿತಾಯಮ್ಮ ಯಾರಿಗೂ ಹೇಳದೆ ಅದನ್ನೇ ಹದ ಮಾಡಿದ್ದರು.

"ಎರಡು ದಿನ ಹೇಳ್ಲೋ ಬ್ಯಾಡ್ವೋ ಅಂತಲೇ ಜರಡಿ ಹಿಡಿದೆ," ಎನ್ನುತ್ತಾರೆ ಈಗ. "ಹೇಳಿದ್ರೆ ಕೆಲಸ ಹೋಯ್ತದೆ. ಹೇಳ್ದೆ ಇದ್ರೆ ಅವರು ಓದಿದ್ದೆಲ್ಲ ನನ್ನಿಂದ ಸುಳ್ಳಾಯ್ತದೆ. ಮೂರನೇ ದಿನ ಹೋಗಿ, ಸ್ವಾಮಿ, ಆ ಮಣ್ಣು ಬ್ಯಾರೆ, ತಪ್ಪಾಯ್ತು ಅಂದ್ಬುಟ್ಟೆ."

ಪಂಚಾಕ್ಷರಿ ವರದಿಯನ್ನು ಮಡಚಿಟ್ಟು, "ಎರಡೂ ಮಣ್ಣು ತರಿಸಿ ಮುನಿತಾಯಮ್ಮ," ಎಂದರು. ಅದೇ ಇಳಿಜಾರಿನಲ್ಲಿ ಹಳೆಯ ಮಣ್ಣು ಹದಿಮೂರು ಅಡಿಗೇ ಚೆದುರಿ ನಿಂತಿತು. ಸುಂಕದಕಟ್ಟೆಯ ಜಿಗಟು ಮಣ್ಣು ಒಟ್ಟಾಗಿ ಜಾರಿ ಇಪ್ಪತ್ತೆರಡು ಮುಟ್ಟಿತು. "ಇವರು ಹೇಳದೇ ಇದ್ದಿದ್ರೆ ಒಂದು ವರ್ಷ ತಪ್ಪು ದಾರೀಲಿ ಹೋಗ್ತಿದ್ದೆ," ಎನ್ನುತ್ತಾರೆ ಪಂಚಾಕ್ಷರಿ. ಈಗ ಯಾವ ಮಣ್ಣು ಹಾಕಬೇಕೆಂಬುದನ್ನು ಇಬ್ಬರೂ ಕೂತು ಗೊತ್ತುಮಾಡುತ್ತಾರೆ.

ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಆಕೆ ಸಂಕೋಚಪಡುತ್ತಾರೆ. "ಹಲಗೆ ಎತ್ತೋಳು ನಾನೇ ಅಲ್ವಾ? ಮೇಲಿಂದ ಬರೀ ಕದಡಿದ ನೀರು ಕಾಣ್ತದೆ. ಮಣ್ಣು ಹೋಗೋದನ್ನ ಗಾಜಿನ ಕಡೆಯಿಂದ ಒಂದ್ಸಲಾನೂ ನೋಡಿಲ್ಲ."

ನಾನು ಏಣಿ ಹತ್ತಿ ಹಲಗೆ ಹಿಡಿಯುತ್ತೇನೆ. ಮುನಿತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಗಾಜಿನ ಮುಂದೆ ನಿಲ್ಲುತ್ತಾರೆ. ಹಲಗೆ ಎತ್ತುತ್ತೇನೆ. ಕೆಸರಿನ ಜೊತೆಜೊತೆಗೆ ಆಕೆಯೂ ಗಾಜಿನುದ್ದಕ್ಕೂ ಹೆಜ್ಜೆ ಹಾಕುತ್ತಾರೆ. ಅದು ನಿಂತಲ್ಲಿ ನಿಲ್ಲುತ್ತಾರೆ.

"ನೋಡಿ," ಎನ್ನುತ್ತಾರೆ, "ಎಲ್ಲೂ ಒಂದು ಹರಳಿಲ್ಲ."