ಎಡಗೈ ಬೋಣಿ

ನನ್ನ ಪ್ಯಾಂಟುಗಳೆಲ್ಲ ಬಲಗಡೆಯ ಜೇಬಿನಲ್ಲೇ ಮೊದಲು ಹರಿಯುತ್ತವೆ. ಹೆಂಡತಿ ಹೊಲಿದು ಹೊಲಿದು ಸುಸ್ತಾಗಿ, ಈಗ ಒಳಗಡೆ ಹಳೆಯ ಜೀನ್ಸಿನ ತುಂಡನ್ನೇ ಹಾಕಿಕೊಡುತ್ತಾಳೆ. ಬೇರೆಯವರ ಜೇಬಿನಲ್ಲಿ ಪಾಕೀಟು ಇರುತ್ತದೆ, ಮೊಬೈಲ್ ಇರುತ್ತದೆ. ನನ್ನದರಲ್ಲಿ ಮಣಿಕಟ್ಟಿನವರೆಗೆ ಮಾತ್ರ ಉಳಿದಿರುವ ಒಂದು ಕೈ ಇರುತ್ತದೆ.

ಸಾಂತಾಕ್ರೂಜ್‌ನ ಒಂದು ಉಡುಪಿ ಹೋಟೆಲಿನಲ್ಲಿ ಎಷ್ಟೋ ವರ್ಷ ದೋಸೆ ಹೊಯ್ದದ್ದು ಆ ಕೈಯಲ್ಲೇ. ಕುಂದಾಪುರದ ಕಡೆಯಿಂದ ಬಂದು, ಲೋಟ ತೊಳೆಯುವುದರಿಂದ ಶುರುಮಾಡಿ, ಕಾವಲಿಯ ಮುಂದೆ ನಿಲ್ಲುವ ಹೊತ್ತಿಗೆ ನನಗೆ ತಲೆಯ ಮೇಲೆ ಕೋಡು ಮೂಡಿತ್ತು. ಭಾನುವಾರ ಬೆಳಿಗ್ಗೆ ಗಿರಾಕಿಗಳು ನನ್ನ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಆಗ ನೋಡಿಸಿಕೊಳ್ಳುವುದೆಂದರೆ ನನಗೂ ಖುಷಿಯೇ.

ಪೂರಿ ಹಿಟ್ಟು ಕಲಸುವ ಮೆಷಿನ್ ನನ್ನ ಕೆಲಸವೇ ಆಗಿರಲಿಲ್ಲ. ಕಲಸುವವನು ಊರಿಗೆ ಹೋಗಿದ್ದ. ಮೆಷಿನ್ ನಿಲ್ಲಿಸದೆ, ಅಂಚಿಗೆ ಅಂಟಿದ ಹಿಟ್ಟು ತೆಗೆಯೋಣವೆಂದು ಕೈ ಹಾಕಿದೆ. ಅಷ್ಟೇ ನನಗೆ ಗೊತ್ತಿರುವುದು. ಉಳಿದದ್ದು ಆಸ್ಪತ್ರೆಯವರಿಗೆ ಗೊತ್ತು.

ಆಮೇಲಿನ ತಿಂಗಳುಗಳಲ್ಲಿ ನಾನು ಗೋಡೆಗೆ ಮುಖ ಮಾಡಿ ಉಂಡೆ. ನಮ್ಮ ಕಡೆ ಎಡಗೈ ಯಾವುದಕ್ಕೆಂದು ಎಲ್ಲರಿಗೂ ಗೊತ್ತು. ಚಿಕ್ಕವನಿದ್ದಾಗ ಎಡಗೈಯಲ್ಲಿ ಏನಾದರೂ ಕೊಟ್ಟರೆ ಅಮ್ಮ ಬೆರಳ ಗಂಟಿಗೇ ಹೊಡೆಯುತ್ತಿದ್ದಳು. ಹಿರಿಯರಿಗೆ ಕೊಡುವಾಗ ಬಲಗೈ ಮುಂದೆ ಚಾಚಬೇಕು, ಎಡಗೈ ಬಲ ಮೊಣಕೈಗೆ ತಾಗಿರಬೇಕು. ಹಾಗೆ ಬೆಳೆದವನು ಎಡಗೈಯಲ್ಲಿ ಅನ್ನ ಕಲಸುವುದನ್ನು ಸ್ವಂತ ಮಗಳು ನೋಡುವುದೂ ನನಗೆ ಬೇಡವಾಗಿತ್ತು. ಅವಳು ಸ್ಪೂನ್ ತಂದಿಟ್ಟಳು. ಅದನ್ನು ಎಸೆದೆ. ಕೈ ಹೋದರೂ ಮೂಗಿನ ತುದಿಯ ಸಿಟ್ಟು ಹೋಗಿರಲಿಲ್ಲ.

ಕೊನೆಗೆ ಹೆಂಡತಿಯೇ ಎಳೆದುಕೊಂಡು ಹೋಗಿ ಜೋಗೇಶ್ವರಿಯ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದಳು. ಸಣ್ಣ ಸಣ್ಣ ಕಾರ್ಖಾನೆಗಳ ನಡುವೆ, ಮೇಲ್ಮಹಡಿಯಲ್ಲಿ, ಕೈಕಾಲು ಕಣ್ಣು ಕಳೆದುಕೊಂಡವರಿಗೆ ಕೆಲಸ ಕಲಿಸಿ, ಕೆಲಸ ಹುಡುಕಿಯೂ ಕೊಡುವ ಜಾಗ. ನನಗೆ ಕಲಿಸಿದ ಟೀಚರಮ್ಮ ಬೆಳಗಾವಿ ಕಡೆಯವರು. ಪೋಲಿಯೊ ಆಗಿ ಒಂದು ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದರು. ಎಡಗೈಯಲ್ಲಿ ಅಂಕಿ ಬರೆಯುವುದು, ಬಿಲ್ಲಿನ ಮೆಷಿನ್ ಒತ್ತುವುದು, ನೋಟು ಎಣಿಸುವುದು, ಎಲ್ಲ ಅವರೇ ಕಲಿಸಿದರು.

"ಅಣ್ಣಾರ, ಕಿಸೆದಾಗಿನ ಕೈ ಹೊರಗ ತಗೀರಿ. ಅದಕ್ಕೇನ್ ಥಂಡಿ ಆಗೈತೇನು?" ಎಂದು ದಿನವೂ ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ, ಕೈಯನ್ನೂ ತೆಗೆಯುತ್ತಿರಲಿಲ್ಲ.

ಬೊರಿವಲಿಯಲ್ಲಿ ಹೊಸದಾಗಿ ಹೋಟೆಲ್ ತೆರೆದಿದ್ದ ನಮ್ಮೂರ ಕಡೆಯ ಧಣಿಯೊಬ್ಬರನ್ನು ಹಿಡಿದು, ನನ್ನನ್ನು ಗಲ್ಲಾಪೆಟ್ಟಿಗೆಯಲ್ಲಿ ಕೂರಿಸಲು ಒಪ್ಪಿಸಿದವರೂ ಅವರೇ. ಮೊದಲ ತಿಂಗಳು ಪರೀಕ್ಷೆಗೆ, ಸರಿಹೋದರೆ ಕಾಯಂ. ಕಳಿಸುವಾಗ ಒಂದೇ ಮಾತು ಹೇಳಿದರು: "ಮೊದಲ್ನೇ ದಿವಸಾನ ಕೈ ಗಲ್ಲಾದ ಮ್ಯಾಲೆ ಇಡ್ರಿ. ಮಂದಿ ಒಂದ್ ಸಲ ನೋಡ್ತಾರ, ಆಮ್ಯಾಲೆ ತಮ್ಮ ಚಾ ತಾವು ಕುಡೀತಾರ."

ನಾನು ಕೈಯನ್ನು ಗಲ್ಲಾದ ಕೆಳಗೆ, ತೊಡೆಯ ಮೇಲೆ, ಟವೆಲಿನೊಳಗೆ ಇಟ್ಟುಕೊಂಡೆ.

ಹೋಗಿಬರುವ ದಾರಿಯಲ್ಲೂ ಇದೇ ಕತೆ. ಅಂಗವಿಕಲರ ಸರ್ಟಿಫಿಕೇಟ್ ಕಿಸೆಯಲ್ಲಿದ್ದರೂ ಲೋಕಲ್ ರೈಲಿನ ಜನರಲ್ ಡಬ್ಬದಲ್ಲೇ ನೇತಾಡುತ್ತಿದ್ದೆ. ಒಂದು ಬೆಳಿಗ್ಗೆ ಮಾತ್ರ, ಮೈ ಕೈ ನೋವೆಂದು, ಸಾಂತಾಕ್ರೂಜ್‌ನಲ್ಲಿ ಹ್ಯಾಂಡಿಕ್ಯಾಪ್ ಡಬ್ಬ ಹತ್ತಿದೆ. ಊರುಗೋಲಿನವರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏ ಭಾಯ್, ಗಟ್ಟಿಮುಟ್ಟಾಗಿ ಇದ್ದೀಯ, ನಿನಗೇನಾಗಿದೆ? ಇಳಿ!" ಎಂದು ಹಿಂದಿಯಲ್ಲಿ ಗದರಿದರು. ಕಿಟಕಿಯ ಪಕ್ಕ ಕೂತಿದ್ದ ಕಣ್ಣು ಕಾಣದ ಹಿರಿಯರೂ "ಯಾರದು? ಇಳಿಸಿ ಅವನನ್ನು" ಎಂದರು. ಜೇಬಿನಿಂದ ಕೈ ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ತೆಗೆಯಲಿಲ್ಲ. ಕಳ್ಳನ ಹಾಗೆ ತಲೆ ತಗ್ಗಿಸಿ ಮುಂದಿನ ಸ್ಟೇಷನ್ ವಿಲೇಪಾರ್ಲೆಯಲ್ಲಿ ಇಳಿದುಬಿಟ್ಟೆ. ಇವತ್ತಿಗೂ ಆ ಪ್ಲಾಟ್‌ಫಾರ್ಮ್ ನೋಡಿದರೆ ಕಿವಿ ಬಿಸಿಯಾಗುತ್ತದೆ.

ಈಗ ಹೆಚ್ಚಿನ ಗಿರಾಕಿಗಳು ಮೊಬೈಲ್ ಸ್ಕ್ಯಾನ್ ಮಾಡಿ ಹೋಗುತ್ತಾರೆ, ಕೈಗೆ ಕೈ ಸೋಕುವುದೇ ಇಲ್ಲ. ನನ್ನ ಪುಣ್ಯ ಎಂದುಕೊಂಡಿದ್ದೆ. ಆದರೆ ದಿನದ ಮೊದಲ ಗಿರಾಕಿ ಹಾಗಲ್ಲ. ಅವರು ಅದೇ ಗಲ್ಲಿಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದ ಗುಜರಾತಿ ಮುದುಕರು. ಚಹಾ ಕುಡಿದು, ನೋಟು ಕೊಟ್ಟು, ಚಿಲ್ಲರೆ ಪಡೆದು, ಅದನ್ನೇ ತಮ್ಮ ಅಂಗಡಿಯ ಪೆಟ್ಟಿಗೆಗೆ ಮೊದಲ ಬೋಣಿಯಾಗಿ ಹಾಕುವುದು ಅವರ ಪದ್ಧತಿ. ಆ ಚಿಲ್ಲರೆ ಬಲಗೈಯಿಂದಲೇ ಬರಬೇಕು.

"ಸೀಧಾ ಹಾಥ್ ಸೆ ದೋ ಭಾಯ್," ಬಲಗೈಯಲ್ಲೇ ಕೊಡು, ಎನ್ನುತ್ತಿದ್ದರು. ನಾನು ಕೇಳದವನ ಹಾಗೆ ಎಡಗೈಯಲ್ಲಿ ಬಡೇಸೊಪ್ಪಿನ ತಟ್ಟೆಗೆ ಹಾಕುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕಾದು, ಗೊಣಗುತ್ತ ಎತ್ತಿಕೊಳ್ಳುತ್ತಿದ್ದರು. ಪ್ರತಿ ಬೆಳಿಗ್ಗೆ ಇದೇ. ಅಮ್ಮ ಬದುಕಿದ್ದರೆ ಅವಳೂ ಆ ಮುದುಕರ ಪಕ್ಷವನ್ನೇ ವಹಿಸುತ್ತಿದ್ದಳು.

ಗಲ್ಲಾದಲ್ಲಿ ಯಾವನೋ ನವಾಬ ಕೂತಿದ್ದಾನೆ ಎಂಬ ದೂರು ಧಣಿಗಳ ಕಿವಿಗೂ ಬಿತ್ತು. ಅವರು ನನ್ನನ್ನು ಒಳಗೆ ಕರೆದರು.

"ಎಂತ ಮಾರಾಯ, ಒಮ್ಮೆ ಕೈ ತೋರಿಸಿಬಿಡು. ಮತ್ತೆ ಯಾರೂ ಬಾಯಿ ಬಿಡುದಿಲ್ಲ."

"ಸಿಗ್ನಲಿನಲ್ಲಿ ಭಿಕ್ಷುಕರು ತೋರಿಸ್ತಾರಲ್ಲ, ಹಾಗೆ ತೋರಿಸ್ಬೇಕಾ?" ಎಂದೆ.

ಅವರಿಗೆ ಬೇಸರವಾಯಿತು. "ಹಾಗಾದ್ರೆ ತಿಂಗಳಾದ ಮೇಲೆ ನಾನೂ ಯೋಚನೆ ಮಾಡ್ಬೇಕಾಗ್ತದೆ. ಗಿರಾಕಿ ಬಿಟ್ಟು ಹೋಟೆಲ್ ನಡೆಸ್ಲಿಕ್ಕೆ ಆಗ್ತದಾ?"

ಮರುದಿನ ಬೆಳಿಗ್ಗೆ ಮುದುಕರು ಎಂದಿನಂತೆ ಬಂದರು, ಎಂದಿನಂತೆ ಕೇಳಿದರು. ನಾನು ಎಂದಿನಂತೆ ತಟ್ಟೆಗೆ ಹಾಕಿದೆ. ಅವರ ತಾಳ್ಮೆ ತಪ್ಪಿತು. ಬಲಗೈಗೆ ಮೆಹಂದಿ ಹಚ್ಚಿಕೊಂಡು ಕೂತಿದ್ದೀಯಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಟೇಬಲ್‌ನಲ್ಲಿದ್ದ ಇಬ್ಬರು ನಕ್ಕರು.

ಟವೆಲ್ ಕಿತ್ತೆಸೆದು, ಬೋಳು ಕೈಯನ್ನು ಗಲ್ಲಾದ ಮೇಲೆ ಅಂಗಾತ ಇಟ್ಟು, ಚಿಲ್ಲರೆಯನ್ನು ಅದರ ಮೇಲೆ ಸುರಿದು ಅವರ ಮುಂದಕ್ಕೆ ಚಾಚಿದೆ. "ಲೋ ಸೇಟ್. ಸೀಧಾ ಹಾಥ್. ಲೋ!"

ಮುದುಕರು ನಾಣ್ಯಗಳನ್ನು ನನ್ನ ಕೈ ಮೇಲಿಂದ ಹೆಕ್ಕಿದರು. ಅಭ್ಯಾಸಬಲದಿಂದ ಅವನ್ನು ಕಣ್ಣಿಗೂ ಒತ್ತಿಕೊಂಡರು. ಬಡೇಸೊಪ್ಪು ಮುಟ್ಟದೆ ಹೊರಟುಹೋದರು. ನಾನು ಗೆದ್ದೆ ಎಂದುಕೊಂಡೆ. ಆ ಗೆಲುವಿನ ರುಚಿ ಮಧ್ಯಾಹ್ನದ ಊಟದವರೆಗೂ ಉಳಿಯಲಿಲ್ಲ.

ಮಾರನೆಯ ದಿನ ಅವರು ಬಂದರು. ಚಹಾ ಅರ್ಧ ಬಿಟ್ಟರು. ನನ್ನ ಮುಖ ನೋಡದೆ, ಯಾವತ್ತಿಗಿಂತ ದೊಡ್ಡ ನೋಟನ್ನು ಗಲ್ಲಾದ ಮೇಲಿಟ್ಟು, "ರಖ್ ಲೋ ಬೇಟಾ" ಎಂದು ಚಿಲ್ಲರೆಗೆ ಕಾಯದೆ ಮೆಟ್ಟಿಲಿಳಿದರು.

ಯಾವುದಕ್ಕೆ ಹೆದರಿ ಇಷ್ಟು ದಿನ ಕೈ ಮುಚ್ಚಿಟ್ಟಿದ್ದೆನೋ ಅದೇ ಆಯಿತು. ನನಗೆ ಭಿಕ್ಷೆ ಬಿತ್ತು. ನೋಟು ಎದುರಿಗಿತ್ತು, ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಲ್ಲಾಕ್ಕೆ ಬೀಗ ಹಾಕಿ, ಚಿಲ್ಲರೆ ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ ಅವರ ಹಿಂದೆ ಓಡಿದೆ.

ಅಂಗಡಿಯ ಶಟರ್ ಅರ್ಧ ಮೇಲೇರಿತ್ತು. ಅವರು ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದರು. ಬೈಯಬೇಕೆಂದೇ ಹೋದವನು ನಾನು. ಆದರೆ ಬಾಗಿದ ಆ ಬೆನ್ನು ನೋಡಿ ಬೈಯುವುದನ್ನು ಬಿಟ್ಟೆ. ಎಡಗೈಯಲ್ಲಿ ಚಿಲ್ಲರೆ ಮುಂದೆ ಚಾಚಿದೆ. ಇನ್ನೊಂದು ಕೈ, ನಾನು ಹೇಳದೆಯೇ, ಜೇಬಿನಿಂದ ಹೊರಗೆ ಬಂದು ಎಡ ಮೊಣಕೈಗೆ ತಾಗಿ ನಿಂತಿತು. ಅಮ್ಮ ಕಲಿಸಿದ್ದು, ತಿರುಗುಮುರುಗಾಗಿ.

ಅವರು ತಿರುಗಿದರು, ತಕ್ಷಣ ತೆಗೆದುಕೊಳ್ಳಲಿಲ್ಲ. ಹಿಂದಿಯಲ್ಲಿ, ಮೆಲ್ಲಗೆ, ಹೇಳಿದ್ದು ಇಷ್ಟು: "ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ಒಬ್ಬ ಕೈಯಿಲ್ಲದವನಿಗೆ ಕೈ ಕೇಳಿದ್ದೇನೆ. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಲ್ಲ? ನಾನು ಮನೆಯಲ್ಲಿ ಹೇಗೆ ಮುಖ ತೋರಿಸಲಿ?"

ನನ್ನ ನಾಚಿಕೆ ನನ್ನೊಬ್ಬನದೇ ಅಂದುಕೊಂಡಿದ್ದೆ, ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರೆ ಯಾರಿಗೂ ತೊಂದರೆಯಿಲ್ಲ ಎಂದು. ದಿನಾ ಬೆಳಿಗ್ಗೆ ಅದರಲ್ಲಿ ಒಂದು ಪಾಲನ್ನು ಈ ಮುದುಕರಿಗೆ ಹೊರಿಸುತ್ತಿದ್ದೆ. "ಮಾಫ್ ಕರೋ ಸೇಟ್," ಎಂದೆ.

ಅವರು ಚಿಲ್ಲರೆ ತೆಗೆದುಕೊಂಡು, ಕಣ್ಣಿಗೊತ್ತಿ, ಪೆಟ್ಟಿಗೆಗೆ ಹಾಕಿದರು. ಅಂದಿನ ಬೋಣಿ ಅದೇ.

ಹೋಟೆಲಿನ ಬಾಗಿಲಲ್ಲಿ ಧಣಿಗಳು ನಿಂತಿದ್ದರು. ಎಷ್ಟು ನೋಡಿದ್ದರೋ ಗೊತ್ತಿಲ್ಲ. "ಹೋಗಿ ಕೂತ್ಕೊ, ಗಿರಾಕಿಗಳು ನಿಂತಿದ್ದಾರೆ," ಎಂದರು, ಅಷ್ಟೇ. ತಿಂಗಳಾದ ಮೇಲೂ ಬೇರೆ ಏನೂ ಹೇಳಲಿಲ್ಲ. ನಾನು ಈಗಲೂ ಅಲ್ಲೇ ಕೂರುತ್ತೇನೆ.

ಆ ಬೆಳಿಗ್ಗೆ ಪಾತ್ರೆ ಅಂಗಡಿಯಿಂದ ಹೋಟೆಲಿಗೆ ನಡೆದು ಬರುವಷ್ಟರಲ್ಲಿ ಕೈ ತಾನಾಗಿ ಜೇಬಿಗೆ ಹೋಗಿತ್ತು. ಹೊರಗೆ ತೆಗೆದೆ. ಗಲ್ಲಾದಲ್ಲಿ ಕೂತು ನೋಡಿದರೆ ಮತ್ತೆ ಒಳಗೇ ಇತ್ತು. ಮತ್ತೆ ತೆಗೆದು ಮೇಲಿಟ್ಟೆ.