ಗಾಣಗಾಪುರದ ತೀರ್ಥ, ನಮ್ಮ ಲ್ಯಾಬಿನ ಸಿ.ಆರ್.ಓ.

ಅಫಜಲಪುರದಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮ ಭೌತಶಾಸ್ತ್ರದ ಲ್ಯಾಬಿನಲ್ಲಿ ಒಂದು ಸಿ.ಆರ್.ಓ. ಇತ್ತು. ಇತ್ತು ಅಂದರೆ, ಇದೆ ಅಂತ ಕೇಳಿದ್ದೆವು. ಕಬ್ಬಿಣದ ಅಲಮಾರಿಯೊಳಗೆ ಹಳೆಯ ಧೋತರದಲ್ಲಿ ಕಟ್ಟಿಟ್ಟ ಒಂದು ಗಂಟು, ಅಷ್ಟೇ. ಕರೆಂಟು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಕಣ್ಣಿಗೆ ತೋರಿಸುವ ಯಂತ್ರವದು. ಅಂಗೈಯಷ್ಟು ಪರದೆ, ಅದರ ಮೇಲೆ ಹಸಿರು ಗೆರೆ. ಹಾಗಂತ ಪುಸ್ತಕದಲ್ಲಿ ಬರೆದಿತ್ತು. ನಾವು ನೋಡಿದ್ದು ಧೋತರವನ್ನು.

ಧೋತರ ಲ್ಯಾಬಿನ ಅಟೆಂಡರ್ ಕಾಕಾನದು. ಗಾಣಗಾಪುರದವರು, ಗುರುವಾರ ಒಪ್ಪತ್ತು, ಹಣೆ ತುಂಬ ಭಸ್ಮ. ಮನುಷ್ಯ ಬೆಣ್ಣೆಯಂಥವರು. ಹುಡುಗಿಯರು ಬಸ್ಸಿಗೆ ಕಾಯುತ್ತ ನಿಂತರೆ ತಾವೂ ಬಂದು ನಿಲ್ಲುವರು, ನಮ್ಮೂರು ಮಣ್ಣೂರಿನ ಬಸ್ಸು ನನ್ನನ್ನು ಹತ್ತಿಸಿಕೊಂಡು ಹೊರಟ ಮೇಲೇ ಅವರು ಮನೆ ಕಡೆ ಹೊರಳುವುದು. ಆದರೆ ಆ ಗಂಟಿನ ಮಾತು ತೆಗೆದರೆ ಮುಖ ಬಿಗಿಯಾಗುತ್ತಿತ್ತು.

"ಕಾಕಾ, ಒಮ್ಮೆ ತಗೀರಿ, ನೋಡ್ತೇವಿ."

"ನೋಡಿ ಏನ್ ಮಾಡ್ತೀರಿ? ನೀವ್ ಪಾಸಾಗಿ ಹೋಗ್ತೀರಿ. ಅದು ಕೆಟ್ರ ನನ್ನ ತಲಿ ಮ್ಯಾಲ ಬರ್ತದ. ಒಂದೇ ಐತಿ ಅದು, ಒಬ್ಬನೇ ಮಗ ಇದ್ದಂಗ."

ಹೀಗಾಗಿ ನಮ್ಮ ಎಲೆಕ್ಟ್ರಾನಿಕ್ಸ್ ಎಲ್ಲ ನಡೆದದ್ದು ಕರಿಹಲಗೆಯ ಮೇಲೆ. ಕಲಿಸುತ್ತಿದ್ದವರು ಜೇವರ್ಗಿ ಕಡೆಯ ಅತಿಥಿ ಉಪನ್ಯಾಸಕರು. ಅತಿಥಿ ಅಂದರೆ ನಮ್ಮ ಕಡೆ ಉಂಡು ಕೈ ತೊಳೆದು ಎದ್ದು ಹೋಗುವವನು. ಸರ್ಕಾರದ ಲೆಕ್ಕದಲ್ಲೂ ಹಾಗೆಯೇ, ಊಟವೊಂದನ್ನು ಬಿಟ್ಟು. ಬರುವ ವರ್ಷ ತಾವು ಇರುತ್ತೇವೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಆದರೂ ಚಾಕ್‌ಪೀಸು ಹಿಡಿದರೆ ಗೆರೆ ತೂಗಿದಂತೆ ಬರುತ್ತಿತ್ತು. ಒಂದು ಗುಡ್ಡ, ಒಂದು ತಗ್ಗು, ಮತ್ತೊಂದು ಗುಡ್ಡ, ಮತ್ತೊಂದು ತಗ್ಗು. "ಇದು ನಮ್ಮ ಮನಿಗೆ ಬರೋ ಕರೆಂಟು. ಈಗ ನಡುವೆ ಡಯೋಡ್ ಹಾಕ್ತೇನಿ ನೋಡ್ರಿ. ಡಯೋಡ್ ಅಂದ್ರ ಒಂದೇ ಕಡಿ ತೆರೆಯೋ ಬಾಗಿಲು" ಎಂದು ಡಸ್ಟರ್ ತೆಗೆದುಕೊಂಡು ಕೆಳಗಿನ ತಗ್ಗುಗಳನ್ನೆಲ್ಲ ಒರೆಸಿಬಿಡುತ್ತಿದ್ದರು. ಮೇಲಿನ ಗುಡ್ಡಗಳಷ್ಟೇ ಉಳಿಯುತ್ತಿದ್ದವು. ನಾವೂ ಹಾಳೆಯ ಮೇಲೆ ಗುಡ್ಡ ತಗ್ಗು ಬರೆದು, ರಬ್ಬರಿನಿಂದ ತಗ್ಗು ಒರೆಸುತ್ತಿದ್ದೆವು.

ನಾನು ಮಾತು ಕಲಿತದ್ದು ನಮ್ಮ ಆಯಿಯ, ಅಂದರೆ ತಾಯಿಯ ತಾಯಿಯ, ಬಾಯಿಂದ. ದಿನಾ ಸಂಜೆ ನಾನು ಮಣ್ಣೂರಿಗೆ ಬಂದು ಚೀಲ ಇಳಿಸಿದ ಕೂಡಲೇ ಅವಳು ಕೇಳುವಳು.

"ಇವತ್ತ ಏನ್ ಕಲಿಸಿದ್ರು?"

"ಡಯೋಡ್, ಆಯಿ. ಕರೆಂಟನ್ನ ಒಂದೇ ಕಡಿ ಬಿಡ್ತದ."

"ನೋಡಿದೇನು?"

"ಕರೆಂಟ್ ಕಾಣಂಗಿಲ್ಲ ಆಯಿ."

"ಮತ್ತ ಒಂದೇ ಕಡಿ ಹೋಗ್ತದಂತ ಯಾರ್ ನೋಡ್ಯಾರ?"

"ಪುಸ್ತಕದಾಗ ಅದ."

ಆಯಿ ತೊಗರಿ ಹಸನು ಮಾಡುತ್ತಿದ್ದ ಮೊರವನ್ನು ಒಮ್ಮೆ ಕೊಡವಿದಳು. "ಕಾಣದ್ದು ನಂಬಾಕ ಗುಡಿ ಅದಾವ. ಅದಕ್ಕ ಬಸ್ ಹತ್ತಿ ಕಾಲೇಜಿಗ್ಯಾಕ ಹೋಗ್ಬೇಕ?"

ಆಯಿ ನಗೆಚಾಟಿಕೆಗೆ ಅಂದದ್ದು. ನನಗೆ ಮಾತ್ರ ಅದು ಮುಳ್ಳಿನಂತೆ ಮುರಿದುಕೊಂಡಿತು. ಮನೆಯಲ್ಲಿ ಅದಾಗಲೇ ಡಿಗ್ರಿ ಮುಗಿದ ಮೇಲೇನು ಎಂಬ ಮಾತು ಶುರುವಾಗಿತ್ತು. ಅಪ್ಪನಿಗೆ ಬಿ.ಎಡ್. ಆಗಬೇಕಿತ್ತು. ನನಗೆ ಎಂ.ಎಸ್ಸಿ. ಓದುವ ಆಸೆ, ಅದೂ ಎಲೆಕ್ಟ್ರಾನಿಕ್ಸ್. ಆದರೆ ಅಪ್ಪನೆದುರು ನಿಂತು ವಾದ ಮಾಡಬೇಕಾದರೆ ಒಳಗೆ ಒಂದು ಗಟ್ಟಿತನ ಬೇಕಲ್ಲ. ರಬ್ಬರಿನಿಂದ ಒರೆಸಿದ್ದನ್ನೇ ವಿಜ್ಞಾನ ಅಂತ ನಂಬಿಕೊಂಡವಳು ಯಾವ ಬಾಯಿಂದ ಮಾತಾಡಲಿ? ಅದಕ್ಕೇ ನನ್ನಷ್ಟಕ್ಕೆ ನಾನು ಒಂದು ಪಣ ಕಟ್ಟಿದೆ. ನಾನು ಕೈಯಾರೆ ಕೂಡಿಸಿದ ಡಯೋಡು ಆ ತಗ್ಗುಗಳನ್ನು ನುಂಗುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ನೋಡಿದರೆ ಎಂ.ಎಸ್ಸಿ. ಇಲ್ಲದಿದ್ದರೆ ಅಪ್ಪ ಹೇಳಿದಂತೆ.

ನನ್ನ ಲ್ಯಾಬಿನ ಜೋಡಿ ಅಫಜಲಪುರದ ಪೇಟೆಯ ಹುಡುಗಿ. ಮನೆಯಲ್ಲಿ ಉರ್ದು, ಹೊರಗೆ ನಮಗಿಂತ ಖಡಕ್ ಕನ್ನಡ. ಅವಳಿಗೆ ಇದೆಲ್ಲ ಹುಚ್ಚು ಅನಿಸುತ್ತಿತ್ತು.

"ಏ ಬೇ, ಫೋನಿನಾಗ ವಿಡಿಯೋ ಅದಾವ ನೋಡ. ಎಷ್ಟ ಬೇಕಷ್ಟ ಗುಡ್ಡ, ಎಷ್ಟ ಬೇಕಷ್ಟ ತಗ್ಗು. ಹಸಿರು ಬ್ಯಾಡಂದ್ರ ನೀಲಿನೂ ಅದ."

"ಅದು ಯಾರದೋ ಊರಿನ ಕರೆಂಟು."

"ಕರೆಂಟಿಗೆ ಊರ್ಯಾವುದು? ನಿನಗ ಮಣ್ಣೂರಿನ ಕರೆಂಟೇ ಆಗಬೇಕೇನು? ಅದು ಬಂದಾಗ ತಾನೆ ನೀ ನೋಡೂದು!"

ನಗುತ್ತಿದ್ದಳು, ಆದರೆ ಸರ್ ಹತ್ತಿರ ಕೇಳುವಾಗ ನನ್ನ ಜೊತೆ ಬಂದು ನಿಂತವಳೂ ಅವಳೇ.

ಸರ್ ನನ್ನ ಮಾತನ್ನು ಪೂರ್ತಿ ಕೇಳಿದರು. "ನಾನೂ ಎಂ.ಎಸ್ಸಿ.ಯಾಗ ಒಮ್ಮೆ ನೋಡೇನಿ ಅಷ್ಟೇ" ಎಂದರು. "ಖರೇನ ತಗ್ಗು ಇರೂದಿಲ್ಲ ನೋಡವಾ. ಇದ್ದ ಜಾಗದಾಗ ಒಂದು ಸಪಾಟ ಗೆರಿ. ನನಗ ಆವತ್ತ ಊಟ ಸೇರ್ಲಿಲ್ಲ." ನಮ್ಮ ಸೆಮಿಸ್ಟರಿನ ನಂತರ ತಮ್ಮನ್ನು ಕರೆಯುತ್ತಾರೋ ಇಲ್ಲವೋ ಎಂಬ ಅಳುಕು ಅವರಿಗೂ ಇದ್ದಿರಬೇಕು. ಅಂದೇ ಹೋಗಿ ಕಾಕಾನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಏನು ಮಾತಾಡಿದರೋ, ಹೇಗೆ ಪುಸಲಾಯಿಸಿದರೋ, ಕೊನೆಗೆ ಕಾಕಾ ಒಂದು ಕರಾರಿನ ಮೇಲೆ ಒಪ್ಪಿದರು.

"ಖಂಡೆ ಪೂಜಿ ಆಗ್ಲಿರಿ. ಪೂಜಿ ಇಲ್ದ ನಾ ಅದಕ್ಕ ಕರೆಂಟ್ ಕೊಡಂಗಿಲ್ಲ. ಬನ್ನಿ ಮುಗದ ಮ್ಯಾಲ ನಿಮ್ಮ ಕೈಯಾಗ ಕೊಡ್ತೇನಿ."

ನಮ್ಮ ಕಡೆ ಮಹಾನವಮಿಗೆ ಖಂಡೆ ಪೂಜೆ. ನೇಗಿಲು, ಕುಡಗೋಲು, ಗಾಡಿ, ಟ್ರ್ಯಾಕ್ಟರು, ದುಡಿಯುವ ಸಾಮಾನೆಲ್ಲ ಆವತ್ತು ದೇವರು. ಲ್ಯಾಬಿನಲ್ಲೂ ಪ್ರತಿ ವರ್ಷ ವರ್ನಿಯರು, ಲೋಲಕ, ಮೀಟರುಗಳಿಗೆ ಕುಂಕುಮ ಏರುತ್ತಿತ್ತು. ಆ ವರ್ಷ ನಡುವೆ ಮೇಜಿನ ಮೇಲೆ, ಮದುಮಗನಂತೆ, ಸಿ.ಆರ್.ಓ. ಕೂತಿತ್ತು. ಧೋತರ ಬಿಚ್ಚಿದಾಗ ನಾನು ಅದನ್ನು ಮೊದಲ ಸಲ ನೋಡಿದೆ. ಬೂದು ಬಣ್ಣದ ಪೆಟ್ಟಿಗೆ, ಎದೆ ತುಂಬ ಗುಂಡಿಗಳು, ನೆತ್ತಿಯ ಮೇಲೆ ಬಿಸಿ ಹೋಗಲೆಂದು ಕೊಯ್ದ ಸೀಳುಗಳು. ಕಾಕಾ ಅದರ ಪರದೆಗೆ ಮೂರೆಳೆ ಭಸ್ಮ ಹಚ್ಚಿದರು, ಚೆಂಡುಹೂವಿನ ಮಾಲೆ ಹಾಕಿದರು, ಗುಂಡಿಗೊಂದರಂತೆ ಕುಂಕುಮದ ಬೊಟ್ಟು ಇಟ್ಟರು. ಸರ್ ಊರಿಗೆ ಹೋಗಿದ್ದರು. ವಿಭಾಗದ ಮುಖ್ಯಸ್ಥರು ಕೈ ಮುಗಿದು ನಿಂತಿದ್ದರು.

ಆರತಿಯಾದ ಮೇಲೆ ಕಾಕಾ ಚೀಲದಿಂದ ನೀರಿನ ಬಾಟಲಿ ತೆಗೆದರು. ಸಂಗಮದ ತೀರ್ಥ. ನಸುಕಿನಲ್ಲಿ ಗಾಣಗಾಪುರದಲ್ಲಿ ತಾವೇ ನದಿಗಿಳಿದು ತುಂಬಿಕೊಂಡದ್ದು. ಮಿಕ್ಕ ಸಾಮಾನಿಗೆ ಹೂವಿನಿಂದ ಎರಡೆರಡು ಹನಿ ಸಿಡಿಸಿದರು. ಸಿ.ಆರ್.ಓ. ಮುಂದೆ ಬಂದಾಗ ಕಣ್ಣು ಮುಚ್ಚಿ, ಅಭಿಷೇಕವನ್ನೇ ಮಾಡಿಬಿಟ್ಟರು.

"ಕಾಕಾ! ಕಾಕಾ, ನೀರು ಒಳಗ ಹೋಗಾಕತ್ತದರಿ!"

"ಹೋಗ್ಲಿ ಬಿಡ ತಂಗಿ. ತೀರ್ಥ ಅದು. ಒಳಗೂ ಪಾವನ ಆಗ್ಲಿ."

ನಾನು ಓಡಿಹೋಗಿ ಅದನ್ನು ಬೋರಲು ಹಾಕಬೇಕೆಂದು ಕೈ ಚಾಚಿದೆ. ಮುಖ್ಯಸ್ಥರು ಗದರಿದರು. "ಮುಟ್ಟಬ್ಯಾಡ! ಪೂಜಿಗೆ ಇಟ್ಟದ್ದನ್ನ ಬನ್ನಿ ಮುಗಿಯೋ ತನಕ ಯಾರೂ ಕದಲಿಸಬಾರದು. ಅಷ್ಟೂ ಗೊತ್ತಿಲ್ಲೇನು ನಿಮಗ?"

ಗೊತ್ತಿತ್ತು. ನಮ್ಮ ಮನೆಯಲ್ಲೂ ಆ ದಿನ ಆಯಿ ಒಂದು ಈಳಿಗೆಯನ್ನೂ ಮುಟ್ಟಗೊಡುವುದಿಲ್ಲ. ಜೋಡಿ ನನ್ನ ಸೆರಗು ಎಳೆದಳು. ಲ್ಯಾಬಿಗೆ ಬೀಗ ಬಿತ್ತು. ನಾನು ಮಣ್ಣೂರಿಗೆ ಹೋಗಿ, ಬನ್ನಿ ಎಲೆ ಕೊಟ್ಟು ಹಿರಿಯರ ಕಾಲಿಗೆ ಬಿದ್ದು, ಬಂಗಾರದಂಗ ಇರು ಅನ್ನಿಸಿಕೊಳ್ಳುವಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪೆಟ್ಟಿಗೆಯೊಳಗೆ ನೀರು ತಟಕ್ ತಟಕ್ ಅನ್ನುತ್ತಿತ್ತು.

ರಜೆ ಮುಗಿದು ಲ್ಯಾಬು ತೆರೆದ ದಿನ ನಾನೂ ನನ್ನ ಜೋಡಿಯೂ ಬೆಳಗ್ಗೆಯೇ ಟ್ರಾನ್ಸ್‌ಫಾರ್ಮರು, ಡಯೋಡು, ರೆಸಿಸ್ಟರು ಕೂಡಿಸಿ ತಯಾರಾಗಿ ಕೂತೆವು. ನೀರಿನ ಸಂಗತಿ ಹೇಳಿದಾಗ ಸರ್ ಪೆಟ್ಟಿಗೆಯನ್ನು ಎತ್ತಿ, ಬಗ್ಗಿಸಿ, ಅಲುಗಾಡಿಸಿ ನೋಡಿದರು. ಏನೂ ಸುರಿಯಲಿಲ್ಲ. "ಇಷ್ಟು ದಿನ ಆತಲ್ಲ, ಒಣಗಿರ್ತದ" ಎಂದರು. ಅವರಿಗೂ ನೋಡುವ ಆತುರವಿತ್ತು, ಮುಚ್ಚಿಟ್ಟುಕೊಳ್ಳುವುದೇನು.

ಸ್ವಿಚ್ಚು ಒತ್ತಿದರು. ಕಾಕಾ ಹಿಂದೆ ಕೈಜೋಡಿಸಿ ನಿಂತಿದ್ದರು. ತುಸು ಹೊತ್ತು ಏನಿಲ್ಲ. ಆಮೇಲೆ ಭಸ್ಮದ ಮೂರೆಳೆಯ ಹಿಂದೆ, ಪರದೆಯ ನಟ್ಟನಡುವೆ, ಒಂದು ಹಸಿರು ಚುಕ್ಕೆ ಹುಟ್ಟಿತು. ಜೋಳದ ಕಾಳಿನಷ್ಟು. "ಬಂತು ಬೇ!" ಎಂದು ಜೋಡಿ ನನ್ನ ಭುಜ ಹಿಂಡಿದಳು. ಚುಕ್ಕೆಯನ್ನು ಗೆರೆ ಮಾಡಲು ಸರ್ ಗುಂಡಿ ಹಿಡಿದು ತಿರುವುತ್ತಿದ್ದರು. ಅಷ್ಟರಲ್ಲಿ ಒಳಗೆ ಚಟ್ ಎಂದಿತು. ಸುಟ್ಟ ವಾಸನೆ. ಸೀಳುಗಳಿಂದ ಎಳೆ ಹೊಗೆ. ಚುಕ್ಕೆ ಹೋಗಿತ್ತು.

ಮುಚ್ಚಳ ಬಿಚ್ಚಿದಾಗ ನೋಡಿದೆವು: ತಂತಿಗಳ ನಡುವೆ ಕುಂಕುಮ ಕಲಸಿದ ಕೆಸರು ಇನ್ನೂ ಹಸಿಯಾಗೇ ಇತ್ತು. ಕಾಲೇಜಿನ ಮಾಳಿಗೆಯ ಮೇಲೆ ಅದನ್ನು ಶ್ಯಾವಿಗೆಯಂತೆ ಬಿಸಿಲಿಗೆ ಇಟ್ಟು, ಪಾಳಿಯ ಮೇಲೆ ಕಾದೆವು. ಕಾಕಾ ಊಟಕ್ಕೂ ಇಳಿಯದೆ ಅದರ ಪಕ್ಕದಲ್ಲಿ ಕೂತಿರುತ್ತಿದ್ದರು.

"ತೀರ್ಥದಿಂದ ಕೆಡ್ತದೇನ್ರಿ ಸರ್? ಲಕ್ವಾ ಹೊಡದವರು ಆ ನೀರಾಗ ಮಿಂದು ಎದ್ದು ನಡೀತಾರ."

ಸರ್ ಅವರ ಹೆಗಲ ಮೇಲೆ ಕೈ ಇಟ್ಟರು. "ಹಳೇದಾಗಿತ್ತು ಬಿಡ್ರಿ ಕಾಕಾ. ಇವತ್ತಲ್ಲ ನಾಳೆ ಹೋಗೂದು." ಅದು ಸುಳ್ಳೆಂದು ನಮ್ಮ ಮೂವರಿಗೂ ಗೊತ್ತಿತ್ತು, ಗೊತ್ತಿರದಿದ್ದದ್ದು ಕಾಕಾ ಒಬ್ಬರಿಗೆ.

ಒಣಗಿದ ಮೇಲೂ ಅದು ಏಳಲಿಲ್ಲ. ಕಲಬುರಗಿಗೆ ಒಯ್ದರು. ಇದರ ಸಾಮಾನು ಈಗ ಯಾರೂ ಮಾಡುವುದಿಲ್ಲ ಎಂದು ಅಂಗಡಿಯವನು ಹಾಗೇ ವಾಪಸು ಕಳಿಸಿದ. ನಮ್ಮನ್ನು ಬೇರೆ ಕಾಲೇಜಿಗೆ ಕರೆದೊಯ್ದು ತೋರಿಸಲು ಸರ್ ಇಬ್ಬರು ಮೂವರನ್ನು ಕೇಳಿದರು. ಒಂದು ಕಡೆ ಯಂತ್ರವಿರಲಿಲ್ಲ, ಇನ್ನೊಂದು ಕಡೆ ಅದಕ್ಕೂ ಬೀಗ. ಹೊಸದನ್ನು ಕೇಳಿದ್ದಕ್ಕೆ ಮೇಲಿನವರು, ಹಳೆಯದು ಲೆಕ್ಕದಲ್ಲಿ ಇನ್ನೂ ಇದೆಯಲ್ಲ ಎಂದರು.

ಪ್ರ್ಯಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಬಂದದ್ದು ಅದೇ ಪ್ರಯೋಗ. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಸಿ.ಆರ್.ಓ. ಎಲ್ಲೈತಿ?"

"ರಿಪೇರಿಗೆ ಹೋಗ್ಯಾದ್ರಿ."

"ಇರ್ಲಿ, ಚಿತ್ರ ಬರೀರಿ, ಸಾಕು."

ಗುಡ್ಡ, ತಗ್ಗು, ಗುಡ್ಡ, ತಗ್ಗು. ರಬ್ಬರು. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು. "ಬಾಳ ಚೊಕ್ಕ ಬರದೀರಿ. ಯಂತ್ರದಾಗೂ ಇಷ್ಟ ಛಂದ ಬರಂಗಿಲ್ಲ." ಪೂರ್ತಿ ಮಾರ್ಕ್ಸು ಕೊಟ್ಟರು. ಅವರು ಹೊಗಳಿದಷ್ಟೂ ನನಗೆ ಎದ್ದು ಹೊರಗೆ ಹೋಗಬೇಕು ಅನಿಸುತ್ತಿತ್ತು.

ಸೆಮಿಸ್ಟರು ಮುಗಿಯಿತು, ಸರ್ ಹೊರಟು ನಿಂತರು. ಮತ್ತೆ ಕರೆ ಬರುವ ಲಕ್ಷಣ ಇರಲಿಲ್ಲ. ನಾನು ಬಿ.ಎಡ್.ಗೆ ಹೋಗುತ್ತೇನೆ ಅಂದೆ. ಬೇಡ ಅನ್ನುತ್ತಾರೆ, ಒಂದು ಮಾತಾದರೂ ಬೈಯುತ್ತಾರೆ ಅಂತ ಕಾದೆ.

"ಏನಂತ ಹೇಳ್ಲಿ ಯವ್ವಾ" ಎಂದರು. "ನಾ ಎಂ.ಎಸ್ಸಿ. ಮಾಡಿ ಚಾಕ್ ಹಿಡ್ಕೊಂಡೇ ನಿಂತೇನಿ. ನೀ ಬಿ.ಎಡ್. ಮಾಡಿದ್ರೂ ಚಾಕೇ. ಅದರಾಗರ ಪಗಾರ ಇರ್ತದ." ಜೇವರ್ಗಿಯ ಬಸ್ಸು ಬಂತು, ಹತ್ತಿದರು.

ಕೊನೆಯ ಫಲಿತಾಂಶ ಬಂದ ಮೇಲೆ ಟಿ.ಸಿ. ತೆಗೆದುಕೊಳ್ಳಲು ಕಾಲೇಜಿಗೆ ಹೋದೆ. ಲ್ಯಾಬಿನ ಬಾಗಿಲಲ್ಲಿ ಕಾಕಾ ಪೇಢೆಯ ಪೊಟ್ಟಣ ಹಿಡಿದು ನಿಂತಿದ್ದರು. ಗಾಣಗಾಪುರದಿಂದ ತಂದದ್ದು. ಮುಖ ಅರಳಿತ್ತು.

"ಬಾ ತಂಗಿ, ಬಾಯಿ ತಗಿ! ಎಲ್ಲಾರೂ ಪಾಸು, ನಿನಗಂತೂ ಪೂರ್ತಿ ಮಾರ್ಕ್ಸು. ನಾ ಹೇಳ್ಲಿಲ್ಲೇನು? ತೀರ್ಥ ಸುಳ್ಳಾಗಂಗಿಲ್ಲ. ನಿಮ್ಮ ಮ್ಯಾಲಿನ ಕೆಡಕ ಆ ಯಂತ್ರ ತನ್ನ ಮ್ಯಾಲ ತಗೊಂಡು ತಾ ಹೋತು, ನಿಮ್ಮನ್ನ ದಾಟಿಸ್ತು."

ಪೇಢೆ ಬಾಯಲ್ಲಿತ್ತು, ತಲೆಯಾಡಿಸಿದೆ.

"ಮುಂದೇನು?"

"ಬಿ.ಎಡ್. ರಿ."

"ಛಲೋ ಆತು ನೋಡು, ಹೆಣ್ಮಕ್ಕಳಿಗೆ ಅದೇ ಛಲೋ." ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು. "ಒಂದ ಮಾತ ಕೇಳ್ತೇನಿ, ನಗಬ್ಯಾಡ. ಇಷ್ಟ ವರ್ಷ ಅದನ್ನ ಕಾಯ್ದೆ, ಸರ್‌ಗೆ ಕೇಳಾಕ ನಾಚಿಕಿ ಬಂತು. ಅದು ಛಂದ ಇದ್ದಾಗ, ಅದರಾಗ ಏನ್ ಕಾಣ್ತಿತ್ತು?"

"ನನಗೂ ಗೊತ್ತಿಲ್ರಿ ಕಾಕಾ."

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಾಷ್ಟಿ ಮಾಡ್ತಿ ನೋಡು! ಗೊತ್ತಿಲ್ದೇನ ಪೂರ್ತಿ ಮಾರ್ಕ್ಸ್ ಕೊಟ್ರೇನು?" ಎನ್ನುತ್ತ ನನ್ನ ಕೈಯಲ್ಲಿ ಆಯಿಗೆಂದು ಇನ್ನೆರಡು ಪೇಢೆ ಇಟ್ಟು, ಮಣ್ಣೂರಿನ ಬಸ್ಸು ಬರುವವರೆಗೂ ಜೊತೆಗೆ ನಿಂತರು.