ಹದಿಮೂರು ಬೀಜ, ಹೊರಗಿನ ಮೂರು

ಅಲ್ಯೂಮಿನಿಯಂ ಏಣಿ ಹಿಡಿದರೆ ಅಂಗೈಗೆ ಬೂದುಬಣ್ಣದ ಮಸಿ ಹತ್ತುತ್ತದೆ. ಮೊನ್ನೆ ಮಧ್ಯಾಹ್ನ ಸೋಪು ಹಾಕಿ ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ. ಆ ಮಸಿ ನೋಡುತ್ತಾ ನಿಂತಾಗ ಹೈಸ್ಕೂಲಿನ ನಮ್ಮ ವಿಜ್ಞಾನದ ಟೀಚರ್ ನೆನಪಾದರು.

ಅವರು ಬಯಲುಸೀಮೆಯಿಂದ ಮಲೆನಾಡಿನ ನಮ್ಮೂರು ಬಣಕಲ್‌ಗೆ ಬಂದು ನಮ್ಮ ತೋಟದ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಹೇಗೆ ಕೂತಿರುತ್ತವೆ ಎಂಬುದು ನನ್ನ ತಲೆಗೆ ಹತ್ತದಿದ್ದಾಗ, ಒಂದು ಸಂಜೆ ನಮ್ಮ ಕಾಫಿ ಕಣದಲ್ಲೇ ಕುಕ್ಕರಗಾಲಲ್ಲಿ ಕೂತು, ಸೀಮೆಸುಣ್ಣದಿಂದ ಒಂದರ ಸುತ್ತ ಒಂದು ಮೂರು ವೃತ್ತ ಬರೆದರು. ಒಳಗಿನದರ ಮೇಲೆ ಎರಡು ಕಾಫಿ ಬೀಜ, ನಡುವಿನದರ ಮೇಲೆ ಎಂಟು, ಹೊರಗಿನದರ ಮೇಲೆ ಮೂರು.

"ಹದಿಮೂರು. ಇದು ಅಲ್ಯೂಮಿನಿಯಂ, ಒಂದು ಮನೆ ಅಂದ್ಕೋ. ಒಳಗಿನ ಹತ್ತು ಒಲೆ ಮುಂದಿಂದ ಏಳೋವಲ್ಲ. ಜಗಲಿ ಮೇಲಿನ ಈ ಮೂರಕ್ಕೆ ಮನೆಯ ಹಂಗಿಲ್ಲ, ಲೋಹದ ತುಂಬ ಓಡಾಡ್ಕೊಂಡಿರ್ತವೆ. ಕರೆಂಟು ತಳ್ಳಿದ್ರೆ ಎಲ್ಲಾ ಒಟ್ಟಿಗೆ ಹೊರಟುಬಿಡ್ತವೆ."

ಒಣಹಾಕಿದ ಕಾಫಿ ತಿರುವಿಸುತ್ತಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ನಕ್ಕರು. "ಹದಿಮೂರು ಬೀಜಕ್ಕೆ ಒಂದು ಗುಟುಕು ಕಾಫಿನೂ ಆಗಲ್ಲ ಟೀಚರ್ರೇ!"

ಟೀಚರ್ ನಗಲಿಲ್ಲ. ಗೋಡೆಗೆ ಒರಗಿಸಿದ್ದ ನಮ್ಮ ಹೊಸ ಏಣಿಯನ್ನು ತೋರಿಸಿದರು. "ಅದರ ತುಂಬ ಇಂಥವೇ ಇರೋದು. ನಿಮ್ಮೋರು ಅದನ್ನ ನಿಲ್ಸಿಕೊಂಡೇ ಕರೆಂಟು ತಂತಿ ಕೆಳಗೆ ಹೋಗ್ತಾರಲ್ರೀ..."

ಹೌದು, ಮೆಣಸು ಕೊಯ್ಯುವಾಗ ನಮ್ಮಲ್ಲಿ ಅದೇ ರೂಢಿ. ಒಂದು ಮರದ ಬಳ್ಳಿ ಮುಗಿದರೆ ಏಣಿಯನ್ನು ಮಲಗಿಸುವುದಿಲ್ಲ. ಮಲಗಿಸಿ ಮತ್ತೆ ಎತ್ತುವುದು ಎರಡು ಕೆಲಸ. ಇಬ್ಬರು ಬುಡ ಹಿಡಿದು, ನಿಂತ ಏಣಿಯನ್ನೇ ಮುಂದಿನ ಮರಕ್ಕೆ ನಡೆಸುತ್ತಾರೆ. ಅವರ ಕಣ್ಣು ಬಳ್ಳಿಯ ಮೇಲೆ. ಅದು ಬಿದಿರೇಣಿಯ ಕಾಲದಿಂದ ಬಂದ ಅಭ್ಯಾಸ... ಟೀಚರ್ ಮಾತಿಗೆ ಅಲ್ಲೇ ನಿಂತಿದ್ದ ಅಪ್ಪ ತಲೆಯಾಡಿಸಿದರು, ಅಷ್ಟೆ. ನಾನು ಪರೀಕ್ಷೆಯಲ್ಲಿ ಎರಡು, ಎಂಟು, ಮೂರು ಎಂದು ಬರೆದೆ, ಡಿಗ್ರಿ ಮುಗಿಸಿದೆ, ತೋಟ ನೋಡಿಕೊಳ್ಳತೊಡಗಿದೆ. ನನ್ನ ಕಾಲದಲ್ಲೂ ಏಣಿ ನಿಂತೇ ನಡೆಯಿತು.

ಮೊನ್ನೆ ಪಂಪ್‌ಹೌಸಿನ ತಂತಿಯ ಹತ್ತಿರ ನಮ್ಮ ಮೇಸ್ತ್ರಿ ಮತ್ತು ಒಬ್ಬ ಆಳು ಹಾಗೆಯೇ ಏಣಿ ನಡೆಸುತ್ತಿದ್ದರು. ಏಕೋ ತಲೆಯೆತ್ತಿದೆ. ತುದಿ ತಂತಿಯತ್ತ ವಾಲುತ್ತಿತ್ತು.

"ನಿಲ್ಲೀ!" ಎಂದು ಕಿರುಚಿದೆ.

ಇಬ್ಬರೂ ತಮ್ಮ ಕಾಲಬುಡ ನೋಡಿಕೊಂಡರು. "ಎಲ್ಲಿ ಮಾರಾಯ್ರೇ ಹಾವು?" ಎಂದು ಮೇಸ್ತ್ರಿ ಬಗ್ಗಿದ. ಏಣಿ ಇನ್ನಷ್ಟು ವಾಲಿತು.

"ಹಾವಲ್ಲ, ಮೇಲೆ! ತಂತಿ!"

ಗೇಣುದ್ದದ ಅಂತರವಿತ್ತು. ಮುಟ್ಟಬಾರದೆಂದು ಗೊತ್ತಿದ್ದೂ ನಾನು ಓಡಿಹೋಗಿ ಏಣಿ ಹಿಡಿದೆ. ಮೂವರೂ ಸೇರಿ ಅದನ್ನು ಇನ್ನೊಂದು ಕಡೆಗೆ ಮಲಗಿಸಿದೆವು. ಮೇಸ್ತ್ರಿ ಕಾಫಿ ಗಿಡದ ಬುಡದಲ್ಲಿ ಕುಸಿದು ಕೂತ. ಈಗಲೂ ಕಣ್ಣು ಮುಚ್ಚಿದರೆ ಆ ತುದಿ ವಾಲುತ್ತದೆ, ನನ್ನ ಕೂಗು ತಡವಾಗುತ್ತದೆ...

ಮರುದಿನ ಬೆಳಿಗ್ಗೆ ಕೆಲಸಕ್ಕೆ ಮೊದಲು ಎಲ್ಲರನ್ನೂ ಕಣಕ್ಕೆ ಕರೆದು ಮೂರು ವೃತ್ತ ಬರೆದೆ. ಹದಿಮೂರು ಬೀಜ ಇಟ್ಟು, ಏಣಿಗೂ ತಂತಿಗೂ ಏನು ಸಂಬಂಧವೆಂದು ಹೇಳಿದೆ. ಮೇಸ್ತ್ರಿ ಹೊರಗಿನ ಮೂರನ್ನು ಬೆರಳಿನಿಂದ ಉರುಳಿಸಿ ನೋಡಿದ. "ಈ ಮೂರು ಪೋಲಿಗಳಾ ನಿನ್ನೆ ನನ್ನ ಜೀವ ತೆಗೀತಿದ್ದದ್ದು? ಇದನ್ನ ಯಾರು ಹೇಳ್ಕೊಟ್ರು ನಿಮ್ಗೆ?"

"ನಮ್ ಟೀಚರ್."

"ಅವ್ರಿಗೊಂದು ಫೋನ್ ಮಾಡಿ ಮಾರಾಯ್ರೇ. ನಾನು ಬದ್ಕಿದೀನಿ ಅಂತ ಹೇಳಿ."

ಹೇಳಲು ಅವರಿಲ್ಲ. ನಿವೃತ್ತರಾಗಿ ತಮ್ಮೂರಿಗೆ ಹೋದವರು ಅಲ್ಲೇ ತೀರಿಕೊಂಡ ಸುದ್ದಿ ನನಗೆ ತಲುಪಿದ್ದೇ ಎಷ್ಟೋ ತಿಂಗಳ ಮೇಲೆ. ಅವರ ಮನೆಗೆ ಹೋಗಿಬರಲೂ ಇಲ್ಲ.

ಇದನ್ನು ಬರೆಯುವಾಗ ತೋಟದೊಳಗಿಂದ ಠಣ್ ಎಂಬ ಸದ್ದು ಕೇಳುತ್ತಿದೆ. ಏಣಿಯನ್ನು ನೆಲಕ್ಕೆ ಮಲಗಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಮರದ ಬುಡದಲ್ಲಿ ಮತ್ತೆ ಅದೇ ಸದ್ದು. ಕೊಯ್ಲು ನಿಧಾನವಾಗಿದೆ, ಆಗಲಿ. ಟೀಚರ್ ಇದ್ದಿದ್ದರೆ ಕಣದ ಅಂಚಿಗೆ ಕರೆತಂದು ಕೂರಿಸಿ, ಇದನ್ನು ಕೇಳಿಸುತ್ತಿದ್ದೆ.